ಸತ್ತವರಿಗೆ ಕಣ್ಣು ಬರೆಯುವ ಕೆಲಸ

ಹೆಣದ ಫೋಟೋ ತೆಗೆಯಲು ಕರೆಯಬಂದವರು ಯಾವತ್ತೂ ಹೆಣ ಎನ್ನುತ್ತಿರಲಿಲ್ಲ. ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಮನೀಗೆ ಬರಬೇಕಾಗಿತ್ತರಿ, ಕ್ಯಾಮೆರಾ ತಗೊಂಡು" ಎನ್ನುತ್ತಿದ್ದರು. ಮದುವೆಗೆ ಕರೆಯುವವರು ಒಳಗೆ ಬಂದು ಬೆಂಚಿನ ಮೇಲೆ ಕೂತು ದರ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಇವರು ಕೂರುವುದಿಲ್ಲ, ಏನೂ ಕೇಳುವುದಿಲ್ಲ. ಬಾಗಿಲಲ್ಲಿ ನಿಂತವನ ಕಾಲಲ್ಲಿ ಚಪ್ಪಲಿ ಕಂಡರೆ ನಾನು ಮಾತಿಗೆ ಕಾಯದೆ ಕ್ಯಾಮೆರಾದ ಗಾಜಿನ ಪ್ಲೇಟು ತುಂಬಲು ಕತ್ತಲೆಕೋಣೆಗೆ ಹೋಗುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಹಾಗೆ ಬಂದು ನಿಂತವನು ಚಿಕ್ಕೇರೂರಿನ ಹತ್ತಿರದ ಒಂದು ಹಳ್ಳಿಯವನು. ಆಗ ನನ್ನ ಸ್ಟುಡಿಯೋ ಅಕ್ಕಿಆಲೂರಿನಲ್ಲಿ, ಅಕ್ಕಿ ಗಿರಣಿಯ ಎದುರಿನ ಮಹಡಿಯ ಮೇಲಿತ್ತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಅತ್ತ ಶಿಗ್ಗಾಂವಿ, ಸವಣೂರಿನ ಹಳ್ಳಿಗಳವರೆಗೆ ಇಂಥ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಬೇರೆ ಫೋಟೋದವರು ಇರಲಿಲ್ಲವೆಂದಲ್ಲ. ಅವರು ಸಾವಿನ ಮನೆಗೆ ಹೋಗುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬ ಲೆಕ್ಕ ನನ್ನದು. ಇನ್ನೊಂದು ಕಾರಣವೂ ಇತ್ತು. ನನಗೆ ಕಣ್ಣು ಬರೆಯಲು ಬರುತ್ತಿತ್ತು.

ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಆದ್ದರಿಂದ ಸತ್ತ ಮೇಲೆ ಧೈರ್ಯವಾಗಿ ತೆಗೆಸುತ್ತಿದ್ದರು. ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ ಕೂರಿಸುತ್ತಾರೆ. ಮಣ್ಣಿನಲ್ಲಿ ಇಡುವುದೂ ಕೂತಂತೆಯೇ. ಹಾಗೆ ಕೂತವರಿಗೆ ಫೋಟೋದಲ್ಲಿ ಕಣ್ಣು ಮಾತ್ರ ತೆರೆದಿದ್ದರೆ ಸಾಕು, ಬದುಕಿದ್ದಾಗಿನ ಫೋಟೋ ಆಗಿಹೋಯಿತು. ಆ ಕಣ್ಣು ತೆರೆಯುವುದು ನನ್ನ ಕೆಲಸ. ಗಾಜಿನ ಪ್ಲೇಟಿನಲ್ಲಿ ಎಲ್ಲವೂ ತಿರುಗುಮುರುಗು: ಕಪ್ಪು ಕೂದಲು ತಿಳಿಗಾಜಿನಂತೆ, ಬಿಳಿ ವಿಭೂತಿ ಕಪ್ಪಾಗಿ ಕಾಣುತ್ತದೆ. ಫೋಟೋದಲ್ಲಿ ಎಲ್ಲಿ ಬೆಳ್ಳಗೆ ಬೇಕೋ ಅಲ್ಲಿ ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಬೇಕು. ಎಲ್ಲಿ ಕಪ್ಪಗೆ ಬೇಕೋ ಅಲ್ಲಿ ಸಣ್ಣ ಚಾಕುವಿನಿಂದ ಗಾಜಿನ ಮೇಲಿನ ಮದ್ದಿನ ಪೊರೆ ಹೆರೆಯಬೇಕು. ಪೆನ್ಸಿಲ್ ತಪ್ಪಿದರೆ ಟರ್ಪೆಂಟೈನ್ ಹಚ್ಚಿದ ಅರಳೆಯಿಂದ ಒರೆಸಿ ಮತ್ತೆ ಬರೆಯಬಹುದು. ಹೆರೆದದ್ದು ಮಾತ್ರ ಹೋದ ಹಾಗೆಯೇ. ರೆಪ್ಪೆ ಹೆರೆದು ಕಣ್ಣುಗುಡ್ಡೆ ಮಾಡಿದ ಮೇಲೆ ಆ ರೆಪ್ಪೆ ಲೋಕದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಯಾರ ಕಣ್ಣು ಬರೆಯುವುದು ಎಂಬ ಪ್ರಶ್ನೆಯೇ ಇರಲಿಲ್ಲ. ನನಗೆ ಕೆಲಸ ಕಲಿಸಿದ ಮಾಸ್ತರರ ಬಳಿ ಒಂದೇ ಜೊತೆ ಕಣ್ಣು ಇತ್ತು. ನೋಡುವವನನ್ನು ದುರುಗುಟ್ಟಬಾರದು, ತಪ್ಪಿಸಿಕೊಂಡು ಅತ್ತಿತ್ತಲೂ ನೋಡಬಾರದು, ಅಂಥ ಕಣ್ಣು. ಅದನ್ನೇ ನನಗೆ ಕಲಿಸಿದರು. ನಾನು ಗಂಡಸು ಹೆಂಗಸು, ಮುದುಕರು ಹರೆಯದವರು ಎನ್ನದೆ ಎಲ್ಲರಿಗೂ ಅದನ್ನೇ ಬರೆದೆ. ಫೋಟೋ ಒಯ್ಯಲು ಬಂದವರು ಕಟ್ಟಿನ ಗಾಜು ಒರೆಸಿ, "ನೋಡ್ರಿ, ನಮ್ಮಪ್ಪನ ಧೈರ್ಯ ಕಣ್ಣಾಗಽ ಕಾಣತೈತಿ" ಎನ್ನುತ್ತಿದ್ದರು. ಇನ್ನೊಂದು ಮನೆಯವರು ಅದೇ ಕಣ್ಣುಗಳಲ್ಲಿ ಅಜ್ಜಿಯ ಕರುಣೆ ಕಂಡರು. ಊರೆಲ್ಲ ಜಿಪುಣ ಎಂದು ಕರೆಯುತ್ತಿದ್ದ ಒಬ್ಬ ಸಾಹುಕಾರನ ಮಗ, ಎಂಥ ಕೊಡುಗೈ ದೊರೆಯ ನೋಟ ಎಂದು ಗದ್ಗದಿತನಾದ. ಮುಖ ನೋಡಿ ಮಣೆ ಹಾಕು ಎನ್ನುತ್ತಾರೆ. ನಾನು ಮುಖ ಮಾಡಿಕೊಡುತ್ತಿದ್ದೆ, ಮಣೆ ಅವರೇ ಹಾಕಿಕೊಳ್ಳುತ್ತಿದ್ದರು.

ಸತ್ತವರ ಮುಖದಲ್ಲಿ ಗುಣ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಊರು ಹಾಳು ಮಾಡಿದವರು ನಗುಮುಖದಿಂದ ಕೂತದ್ದನ್ನೂ, ಇರುವೆ ತುಳಿಯದವರು ಹಲ್ಲು ಕಚ್ಚಿಕೊಂಡು ಕೂತದ್ದನ್ನೂ ಬೇಕಾದಷ್ಟು ನೋಡಿದ್ದೆ. ಅಷ್ಟು ನೋಡಿದರೆ ಮನಸ್ಸು ಕಲ್ಲಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಲ್ಲಾಗುವುದಿಲ್ಲ. ಬಹಳ ಹೊತ್ತು ಒಂದೇ ಕಡೆ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ. ಕಾಲು ನಮ್ಮದೇ, ಮುಟ್ಟಿದರೆ ಗೊತ್ತಾಗುವುದಿಲ್ಲ. ಆ ಬೇಸಿಗೆಯಲ್ಲಿ ನಾನು ಹಾಗೆ ಇದ್ದೆ. ಊಟ ಮಾಡುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ, ಫೋಟೋ ತೆಗೆಯುತ್ತಿದ್ದೆ.

ಆ ಮನೆಯಲ್ಲಿ ಸತ್ತವಳು ಸೊಸೆ. ಇಪ್ಪತ್ತರ ಆಸುಪಾಸಿನವಳು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ, ಮಕ್ಕಳಿರಲಿಲ್ಲ. ಜ್ವರ ಬಂದು, ಇಳಿದು, ಮತ್ತೆ ಬಂದು ಹೋಗಿಬಿಟ್ಟಿದ್ದಳು. ಅವಳ ಮಾವ ಮನೆಯ ಹಿರಿಯ, ಹೊಲಮನೆ ನೋಡಿಕೊಂಡಿದ್ದ ಗಟ್ಟಿ ಆಳು. ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, "ಲಗೂ ಮುಗಸ್ರಿ. ಬಿಸಲು ಭಾಳ ಐತಿ, ಇಟಗೊಳ್ಳಾಕ ಬರಂಗಿಲ್ಲ" ಎಂದ.

"ತವರಿನವರು ಬಂದಾರೇನ್ರಿ?" ಎಂದು ಕೇಳಿದೆ. ಗುಂಪಿನಲ್ಲಿ ಅವರನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕಷ್ಟೇ ಕೇಳಿದ್ದು.

"ಮುಂಜಾನಿ ಮನಿಶ್ಯಾನ ಕಳಿಸೇವಿ. ಶಿಗ್ಗಾಂವಿ ಆಚಿಗೆ ಊರು. ಅಪ್ಪ ಇಲ್ಲ, ಅವ್ವ ಒಬ್ಬಾಕಿನಽ. ಬಂದ್ರ ಬರತಾಳ" ಎಂದ.

ಕುರ್ಚಿಯ ಬೆನ್ನಿಗೆ ಹಲಗೆ ಕಟ್ಟಿ ತಲೆಗೆ ಆನಿಕೆ ಕೊಟ್ಟಿದ್ದರು. ಸೊಂಟಕ್ಕೆ ಬಿಗಿದ ಬಟ್ಟೆ ಸೆರಗಿನ ಅಡಿಯಲ್ಲಿ, ಗದ್ದಕ್ಕೆ ಕಟ್ಟಿದ ಪಟ್ಟಿ ಹೂವಿನ ಮಾಲೆಯ ಅಡಿಯಲ್ಲಿ ಮರೆಯಾಗಿತ್ತು. ಬಿಸಿಲು ನೇರ ಬೀಳದಂತೆ ಒಂದು ಬಿಳಿ ಧೋತರ ತರಿಸಿ ಮೇಲೆ ಕಟ್ಟಿಸಿದೆ. ಕರಿ ಬಟ್ಟೆ ಹೊದ್ದು ಕ್ಯಾಮೆರಾದ ಮಸಕು ಗಾಜಿನಲ್ಲಿ ನೋಡಿದೆ. ಆ ಗಾಜಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ. ತಲೆಕೆಳಗಾದ ಮುಖದಲ್ಲಿ ಯಾರ ಗುಣವೂ ಕಾಣುವುದಿಲ್ಲ. ಮೂಗಿನ ನೆರಳು ಎತ್ತ ಬಿದ್ದಿದೆ ಎನ್ನುವುದು ಕಾಣುತ್ತದೆ. ನಾನು ಕಂಡದ್ದು ಎರಡು. ಹುಬ್ಬುಗಳು ದಟ್ಟವಾಗಿ ಮೂಗಿನ ಮೇಲೆ ಕೂಡಿದ್ದವು. ರೆಪ್ಪೆಗಳು ಅರ್ಧ ತೆರೆದಿದ್ದವು.

ಹೆಣಕ್ಕೆ ಸೀರೆ ಉಡಿಸಿದ್ದ ಪಕ್ಕದ ಮನೆಯ ಮುದುಕಿಯೊಬ್ಬಳು ಅಲ್ಲೇ ನಿಂತಿದ್ದಳು. ನಾನು ಬಟ್ಟೆಯಿಂದ ತಲೆ ಹೊರಗೆ ತೆಗೆದಾಗ ಮುಂದೆ ಬಂದು ಹೆಬ್ಬೆರಳಿನಿಂದ ರೆಪ್ಪೆಗಳನ್ನು ಒತ್ತಿದಳು. ಬೆರಳು ತೆಗೆದ ಕೂಡಲೇ ಅವು ಮತ್ತೆ ಮೇಲಕ್ಕೆ ಬಂದವು.

"ಮುಚ್ಚಾಕ ಒಲ್ಲವು ನೋಡ್ರಿ. ಮುಂಜಾನಿಂದ ಒತ್ತಾಕತ್ತೇನಿ. ಅವ್ವನ ಹಾದಿ ನೋಡಾಕತ್ತಾಳ ಇಕಿ. ಜ್ವರದಾಗೆಲ್ಲಾ ಅವ್ವಾ ಅವ್ವಾ ಅಂತಽ ಇದ್ಲು" ಎಂದಳು.

"ನೀ ಸುಮ್ಮನಿರಬೇ" ಎಂದ ಮಾವ.

ಜೀವ ಹೋದ ಕೂಡಲೇ ಮುಚ್ಚದಿದ್ದರೆ ರೆಪ್ಪೆ ಸೆಟೆದುಕೊಳ್ಳುತ್ತದೆ, ಅಷ್ಟೇ ಸಂಗತಿ. ಆದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ: ಕಣ್ಣು ತೆರೆದು ಸತ್ತವರು ಯಾರದೋ ದಾರಿ ಕಾಯುತ್ತ ಸತ್ತವರು. ಅಂಗಳದಲ್ಲಿದ್ದವರೆಲ್ಲ ಅದನ್ನೇ ಅಂದುಕೊಂಡರು.

ಸತ್ತವರ ಫೋಟೋದಲ್ಲಿ ಒಂದು ಅನುಕೂಲವಿದೆ. ನಡುವೆ ಕೂತವರು ಅಲುಗುವುದಿಲ್ಲ. ಸುತ್ತ ನಿಂತವರು ಅಲುಗುತ್ತಾರೆ. ಮೊದಲ ಪ್ಲೇಟಿಗೆ ಅವಳೊಬ್ಬಳನ್ನೇ ಹತ್ತಿರದಿಂದ ತೆಗೆದೆ. ಎರಡನೆಯದು ಮನೆಮಂದಿಯೊಂದಿಗೆ ಎಂದಾಗಿತ್ತು. ಲೆನ್ಸಿನ ಮುಚ್ಚಳ ತೆಗೆದಿದ್ದೇ ತಡ, ಹೆಂಗಸೊಬ್ಬಳು ಎದೆ ಬಡಿದುಕೊಂಡು ಓಡಿಬಂದು ಸ್ಟ್ಯಾಂಡಿನ ಕಾಲಿಗೆ ಎಡವಿದಳು. ಪ್ಲೇಟು ಕೆಟ್ಟಿತು. ತುಂಬಿ ತಂದದ್ದು ಅವೆರಡೇ. ಉಳಿದದ್ದು ಒಂದು.

ಕ್ಯಾಮೆರಾ ಮಡಚುವಾಗ ಮಾವ ನನ್ನನ್ನು ದನದ ಕೊಟ್ಟಿಗೆಯ ಕಡೆಗೆ ಕರೆದ. "ಕಣ್ಣು ಚಂದಂಗ ತೆರದು ಕೊಡ್ರಿ. ಮತ್ತ, ಆ ಹುಬ್ಬು ಬಿಡಸ್ರಿ."

"ಹುಬ್ಬು ಯಾಕ್ರಿ?"

"ಕೂಡು ಹುಬ್ಬಿನಾಕಿ ಹಟಮಾರಿ ಅಂತಾರ. ಕನ್ಯಾ ನೋಡಾಕ ಹೋದಾಗಽ ನಮ್ಮ ಮಂದಿ ಅಂದಿದ್ರು, ಮುಖಾ ನೋಡಿದ್ರಽ ಗುಣಾ ತಿಳೀತೈತಿ, ಬ್ಯಾಡ ಅಂತ. ನಾನಽ ಮಾಡಿಕೊಂಡು ಬಂದೆ. ಮುಂದ ಎತ್ತು ಕುಂಟಿದ್ರೂ ಅದಽ ಹುಬ್ಬು, ಹಾಲು ಒಡದ್ರೂ ಅದಽ ಹುಬ್ಬು. ಇರ್ಲಿ. ಈಗ ಹೋಗ್ಯಾಳ. ಗ್ವಾಡಿ ಮ್ಯಾಲೆರೆ ಶಾಂತ ಕಾಣಲಿ."

ನಾನು ತಲೆಯಾಡಿಸಿದೆ. ಅವನು ಮತ್ತೂ ನಿಂತಿದ್ದ.

"ಇನ್ನೊಂದು ಮಾತು. ಅವರವ್ವ ನಿಮ್ಮಲ್ಲಿಗೆ ಬಂದ್ರೂ ಬರಬಹುದು. ಕಣ್ಣು ಬರಿಯೂತನಕಾ ತೋರಸಬ್ಯಾಡ್ರಿ. ಕೇಳಿದ್ರ ಮುಚ್ಚಿತ್ತು ಅಂತ ಹೇಳ್ರಿ. ಇವು ತನ್ನ ಹಾದಿ ನೋಡಿದ ಕಣ್ಣು ಅಂತ ಗೊತ್ತಾದ್ರ ಆ ಹೆಣ್ಮಗಳು ಉಳಿಯಂಗಿಲ್ಲ. ಜಡ್ಡು ಆದಾಗಽ ಹೇಳಿ ಕಳಸಬೇಕಾಗಿತ್ತು. ಇವತ್ತು ಇಳದೀತು, ನಾಳೆ ಇಳದೀತು ಅಂದ್ವಿ." ಅವನು ಕೆಟ್ಟ ಮನುಷ್ಯನೇನಲ್ಲ. ಆಗಲಿ ಎಂದು ಹೇಳಿ ಹೊರಟೆ. ನಾನು ಬಸ್ಸಿಗೆ ಕಾಯುತ್ತ ನಿಂತಾಗ ಹೊಲದ ಕಡೆಯಿಂದ ಭಜನೆಯ ತಾಳ ಕೇಳುತ್ತಿತ್ತು. ತವರಿನಿಂದ ಯಾರೂ ಬಂದಿರಲಿಲ್ಲ.

ಬೇಸಿಗೆಯಲ್ಲಿ ಪ್ಲೇಟು ತೊಳೆಯುವುದು ಹೆಣಗಾಟದ ಕೆಲಸ. ನೀರು ಬೆಚ್ಚಗಾದರೆ ಗಾಜಿನ ಮೇಲಿನ ಪೊರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಅಂಚಿನಿಂದ ಏಳತೊಡಗುತ್ತದೆ. ಹೊಸ ಗಡಿಗೆಯಲ್ಲಿ ಒದ್ದೆ ಗೋಣಿ ಸುತ್ತಿ ಇಟ್ಟ ನೀರನ್ನೇ ಬಳಸಿದೆ; ಆದರೂ ಒಂದು ಮೂಲೆಯಲ್ಲಿ ಪೊರೆ ಎದ್ದಿತು. ತಕ್ಷಣ ಎತ್ತಿ ಪಟಕದ ನೀರಿನಲ್ಲಿ ಅದ್ದಿದೆ. ಪೊರೆ ಗಟ್ಟಿಯಾಗಿ ಅಲ್ಲಿಗೇ ನಿಂತಿತು. ಸೆರಗಿನ ಅಂಚು ಸ್ವಲ್ಪ ಹೋಯಿತು, ಮುಖ ಉಳಿಯಿತು. ಎದುರಿನ ಗಿರಣಿಯ ತೌಡಿನ ಧೂಳು ಕೂರದಂತೆ ಒದ್ದೆ ಬಟ್ಟೆ ಕಟ್ಟಿದ ಪೆಟ್ಟಿಗೆಯಲ್ಲಿ ಒಣಗಿಸಿದೆ.

ಮರುದಿನ ಗಿರಣಿ ನಿಂತಿದ್ದ ಹೊತ್ತು ನೋಡಿ ಕೆಲಸಕ್ಕೆ ಕೂತೆ. ಅದು ಇಳಿಜಾರಾದ ಸಣ್ಣ ಮೇಜು, ನಡುವೆ ಕಿಂಡಿ, ಕೆಳಗೆ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಪ್ಲೇಟಿನೊಳಗಿಂದ ಮೇಲೆ ಬರುತ್ತದೆ. ಪೆನ್ಸಿಲ್ ಹಿಡಿಯುವಂತೆ ಮುಖದ ಭಾಗಕ್ಕೆ ರಾಳದ ಎಣ್ಣೆ ಸವರಿ, ಪೆನ್ಸಿಲನ್ನು ಉಜ್ಜುಕಾಗದದಲ್ಲಿ ಸೂಜಿಯಂತೆ ಹರಿತ ಮಾಡಿಕೊಂಡು, ಮೊದಲು ಹುಬ್ಬು ಬಿಡಿಸಿದೆ. ಸಣ್ಣ ಸಣ್ಣ ಚುಕ್ಕೆ ಇಡುತ್ತ ಹೋದರೆ ಕೂಡಿದ ಜಾಗ ತುಂಬಿ ಹಣೆಯ ಬಣ್ಣಕ್ಕೆ ಬರುತ್ತದೆ. ಹಟಮಾರಿತನ ಅಷ್ಟರಲ್ಲೇ ಹೋಯಿತು. ಆಮೇಲೆ ಚಾಕು ಮಸೆದುಕೊಂಡು ಎಡಗಣ್ಣಿನ ರೆಪ್ಪೆಯ ಮೇಲೆ ಭೂತಗಾಜು ಇಟ್ಟೆ. ಆಗ ಮೆಟ್ಟಿಲ ಮೇಲೆ ಸದ್ದಾಯಿತು.

ಬಂದವಳು ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದಳು. ಬೆಂಚು ಬಿಟ್ಟು ನೆಲದ ಮೇಲೆ ಕೂತಳು. ಯಾರು ಎಂದು ನಾನು ಕೇಳಬೇಕಾಗಲಿಲ್ಲ. ಈಗ ತಾನೇ ನಾನು ಬಿಡಿಸಿದ ಹುಬ್ಬು ಅವಳ ಹಣೆಯ ಮೇಲೆ ಕೂಡಿಕೊಂಡೇ ಇತ್ತು, ಅಲ್ಲಲ್ಲಿ ನರೆತಿತ್ತು.

"ಚಿಕ್ಕೇರೂರ ಕಡೀಗೆ ಫೋಟೋ ತಗ್ಯಾಕ ಹೋಗಿದ್ರಲ್ರಿ, ನೀವಽ ಏನು?"

"ಹೂಂ, ನಾನಽರಿ."

"ನಾ ಆಕಿ ಅವ್ವ. ನಾ ಹೋಗೂದ್ರಾಗ ಮಣ್ಣು ಮುಚ್ಚಿದ್ರು. ಮಣ್ಣು ನೋಡಿ ಬಂದೆ. ಮುಖ ಹೆಂಗಿತ್ತರಿ?"

"ಶಾಂತ ಇತ್ತರಿ."

"ಕಣ್ಣು?"

"ಮುಚ್ಚಿತ್ತು."

"ಪೂರಾ?"

"ಪೂರಾ."

"ಬೀಗರೂ ಹಂಗಽ ಅಂದ್ರು" ಎಂದಳು. "ಹಂಗಾದ್ರ ಖರೇನಽ."

ಇದನ್ನು ಕೇಳಿ ಹೆಂಗಸರು ನಿಟ್ಟುಸಿರು ಬಿಡುತ್ತಾರೆ, ದೇವರ ಹೆಸರು ಹೇಳುತ್ತಾರೆ. ಅವಳು ಎರಡನ್ನೂ ಮಾಡಲಿಲ್ಲ. ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವವೂ ಇಳಿದುಹೋಯಿತು. ಸಮಾಧಾನದ ಮಾತು ಹೇಳಿದ ನನಗೆ ಅದು ಅವಳಿಗೆ ಹೊಡೆತದ ಹಾಗೆ ಬಿದ್ದದ್ದು ಯಾಕೆಂದು ತಿಳಿಯಲಿಲ್ಲ. ಏನಾಯಿತು ಎಂದು ಕೇಳಿದೆ.

"ಪಂಚಮಿಗೆ ಬಂದಿದ್ಲರಿ" ಎಂದಳು. ನಮ್ಮ ಕಡೆ ನಾಗರ ಪಂಚಮಿಗೆ ಮಗಳು ತವರಿಗೆ ಬರದಿದ್ದರೆ ಅದು ಹಬ್ಬವೇ ಅಲ್ಲ. "ಹಬ್ಬ ಮುಗದಿಂದ ಹೊಳ್ಳಿ ಹೋಗಂಗಿಲ್ಲ ಅಂತ ಕುಂತ್ಲು. ಬಡೀತಾರೇನು ಅಂದೆ, ಇಲ್ಲ ಅಂದ್ಲು. ಉಣ್ಣಾಕ ಇಲ್ಲೇನು ಅಂದೆ, ಐತಿ ಅಂದ್ಲು. ಮತ್ತೇನಽ ನಿಂದು? 'ಅಲ್ಲಿ ನನ್ನ ಮುಖಾ ನೋಡಿ ಯಾರೂ ಮಾತಾಡೂದಿಲ್ಲವ್ವಾ' ಅಂದ್ಲು. ಇದೇನು ದೊಡ್ಡ ಸುದ್ದಿ ಅಂದೆ. ನಾನಽ ಕೈ ಹಿಡಕೊಂಡು ಹೋಗಿ ಬಸ್ಸಿನ್ಯಾಗ ಕುಂಡರಿಸಿದೆ. ಕಿಡಕ್ಯಾಗ ಕುಂತಿದ್ಲು. ಹೋಗಿ ಬಾರವ್ವಾ ಅಂದೆ. ನನ್ನ ಕಡೆ ನೋಡ್ಲಿಲ್ಲರಿ. ಬಸ್ಸು ಬಿಡೂತನಕಾ ಕಣ್ಣು ಮುಚ್ಚಿಕೊಂಡಽ ಕುಂತಿದ್ಲು."

ಆಮೇಲೆ ಬಹಳ ಸಹಜವಾಗಿ, ಲೆಕ್ಕ ತೀರಿಸಿದವಳ ಹಾಗೆ, "ಹಂಗಽ ಹೋಗ್ಯಾಳ" ಎಂದಳು.

ನನಗೆ ಗೊತ್ತಿದ್ದ ಒಂದೇ ಸಮಾಧಾನ ಹೇಳಿದೆ. "ಸತ್ತವರ ಮುಖ ಏನೂ ಹೇಳೂದಿಲ್ಲವ್ವಾ. ಕಣ್ಣು ಮುಚ್ಚಿದ್ರ ಸಿಟ್ಟು ಅಂತಲ್ಲ, ತೆರದ್ರ ಆಸೆ ಅಂತಲ್ಲ. ನಾ ಎಷ್ಟೋ ಮಂದೀನ ನೋಡೇನಿ."

"ನೀವು ಎಷ್ಟೋ ಮಂದೀನ ನೋಡೀರಿ" ಎಂದಳು. "ನನಗ ಒಬ್ಬಾಕಿನ್ನ ನೋಡೂದಿತ್ತು."

ಮೇಜಿನ ಮೇಲೆ ಪ್ಲೇಟು ಇತ್ತು, ಪಕ್ಕದಲ್ಲಿ ಮಸೆದ ಚಾಕು ಇತ್ತು. ನನಗೆ ಆ ಗಳಿಗೆಯಲ್ಲಿ ದೊಡ್ಡ ವಿಚಾರವೇನೂ ಹೊಳೆಯಲಿಲ್ಲ. ಹೊಳೆದದ್ದು ಇಷ್ಟೇ: ಅರೆತೆರೆದ ಕಣ್ಣು ಇವಳನ್ನು ಕೊಲ್ಲುತ್ತದೆ ಎಂದು ಆ ಮಾವನೂ ನಾನೂ ಕೂಡಿ ತೀರ್ಮಾನ ಮಾಡಿದ್ದೆವು, ಇವಳನ್ನು ಕೇಳಿರಲಿಲ್ಲ. ಅವಳು ಬರುವುದು ಸ್ವಲ್ಪ ತಡವಾಗಿದ್ದರೆ ನಾನು ರೆಪ್ಪೆ ಹೆರೆದು ಮುಗಿಸಿರುತ್ತಿದ್ದೆ. ಮಗಳು ಹೇಗೆ ಹೋದಳು ಎನ್ನುವುದಕ್ಕೆ ಲೋಕದಲ್ಲಿ ಇದ್ದ ಗುರುತು ಅದೊಂದೇ, ಅದು ನನ್ನ ಚಾಕುವಿನ ತುದಿಗೆ ಪುಡಿಯಾಗಿ ಬರುತ್ತಿತ್ತು. ಇದನ್ನು ಯೋಚಿಸಿ ನನಗೆ ಹೆದರಿಕೆಯಾಯಿತು. ಬಹಳ ದಿನಗಳ ಮೇಲೆ ಏನೋ ಒಂದು ಆಯಿತು.

"ನಾ ಈಗ ಹೇಳಿದ್ದು ಸುಳ್ಳರಿ" ಎಂದೆ. "ಕಣ್ಣು ಮುಚ್ಚಿರಲಿಲ್ಲ. ಅರ್ಧ ತೆರದಿದ್ವು. ಒತ್ತಿ ಮುಚ್ಚಿದ್ರೂ ಮತ್ತ ತೆರದ್ವು."

ಅವಳು ತಲೆ ಎತ್ತಿದಳು. "ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

"ತೋರಸ್ತೇನಿ."

ಪ್ಲೇಟು ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿ, "ಇದು ಯಾವುದರಿ ದೆವ್ವ?" ಎಂದಳು. ಕರಿ ಮುಖ, ಬಿಳಿ ಕೂದಲು. ನಾನು ಎಷ್ಟು ತಿಳಿಸಿ ಹೇಳಿದರೂ ಅದರಲ್ಲಿ ಅವಳಿಗೆ ಮಗಳು ಸಿಗಲಿಲ್ಲ. ಪ್ರಿಂಟು ತೆಗೆದೇ ತೋರಿಸಬೇಕಾಯಿತು. ಅದಕ್ಕೆ ಮೊದಲು ಟರ್ಪೆಂಟೈನಿನ ಅರಳೆಯಿಂದ ಹಣೆಯ ಮೇಲಿನ ಪೆನ್ಸಿಲ್ ಒರೆಸಿದೆ. ಹುಬ್ಬು ಮತ್ತೆ ಕೂಡಿತು.

ಕತ್ತಲೆಕೋಣೆಗೆ ಹೊರಗಿನವರನ್ನು ಬಿಡುವ ರೂಢಿ ನನಗಿರಲಿಲ್ಲ. ಅವಳನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿದೆ. ಕೆಂಪು ದೀಪವೊಂದೇ. ಪ್ಲೇಟಿಗೆ ಫೋಟೋದ ಕಾಗದ ತಾಗಿಸಿ ಚೌಕಟ್ಟಿನಲ್ಲಿ ಬಿಗಿದು, ಬಿಳಿ ದೀಪಕ್ಕೆ ಸ್ವಲ್ಪ ಹಿಡಿದು, ಕಾಗದವನ್ನು ತಟ್ಟೆಯ ಮದ್ದಿನ ನೀರಿಗೆ ಬಿಟ್ಟೆ. ಬಿಳಿ ಕಾಗದ ಹಾಗೇ ಬಿಳಿಯಾಗಿ ತೇಲಿತು. ಅವಳು ನನ್ನತ್ತ ನೋಡಿದಳು. ತಟ್ಟೆ ಅಲುಗಿಸುತ್ತ ಇರುವಂತೆ ಹೇಳಿದೆ, ಕೈಗೆ ಕೆಲಸವಿರಲಿ ಎಂದು.

ಹೀಗೆ ಮೂಡುವಾಗ ಮೊದಲು ಬರುವುದು ಕಪ್ಪು. ಕೂದಲಿನ ಬೈತಲೆಯ ಎರಡು ಬದಿ ಬಂತು. ಹುಬ್ಬು ಬಂತು, ಒಂದೇ ಗೆರೆಯಾಗಿ. ಅವಳ ಕೈ ನಿಂತಿತು. "ಅಲುಗಸ್ರಿ" ಎಂದೆ. ಆಮೇಲೆ ಹುಬ್ಬಿನ ಕೆಳಗೆ, ಮುಖ ಇನ್ನೂ ಬಿಳಿ ಇರುವಾಗಲೇ, ರೆಪ್ಪೆಗಳ ಅಡಿಯಲ್ಲಿ ಎರಡು ಕಪ್ಪು ಸೀಳು ಮೂಡಿದವು. ಮೂಗು, ತುಟಿ, ಮಾಲೆ ಎಲ್ಲ ಅದರ ನಂತರ ಬಂದವು. ಅವಳು ಅವನ್ನು ನೋಡಲಿಲ್ಲ.

"ನೋಡಾಕತ್ತಾಳ" ಎಂದಳು.

ಸೆಟೆದ ರೆಪ್ಪೆಯ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ನನ್ನ ಹಾದಿ ನೋಡ್ಯಾಳ್ರಿ. ಸಿಟ್ಟು ಇದ್ದಿದ್ದಿಲ್ಲ ಆಕೀಗೆ." ತಟ್ಟೆಯ ಮೇಲೆ ಬಗ್ಗಿಕೊಂಡೇ ಇದ್ದಳು. ಕಾಗದ ಮತ್ತೂ ಕಪ್ಪಾಗುತ್ತಿತ್ತು, ನಾನು ಕೈ ಹಾಕಿ ಎತ್ತಿ ಇನ್ನೊಂದು ತಟ್ಟೆಗೆ ಹಾಕಿದೆ. ಅವಳು ಅಳಲಿಲ್ಲ. ಹೊರಗೆ ಬಂದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಇಲ್ಲಿ ಎಲ್ಲೆರೆ ಚಾ ಸಿಗತೈತೇನ್ರಿ? ಸುದ್ದಿ ಕೇಳಿದಾಗಿಂದ ಬಾಯಾಗ ಏನೂ ಹಾಕಿಲ್ಲ" ಎಂದಳು. ಕೆಳಗಿನ ಅಂಗಡಿಯಿಂದ ಚಹಾ, ಒಂದು ಪ್ಲೇಟು ಮಂಡಕ್ಕಿ ತರಿಸಿದೆ. ಎಲ್ಲ ತಿಂದಳು. ಪ್ರಿಂಟು ಒಣಗಿದ ಮೇಲೆ ಎದೆಗೆ ಸೆರಗಿನೊಳಗೆ ಇಟ್ಟುಕೊಂಡು ಹಾನಗಲ್ಲಿನ ಬಸ್ಸು ಹತ್ತಿದಳು.

ಉಳಿದದ್ದು ಅವಳ ಬೀಗರ ಕೆಲಸ. ಆ ಪ್ಲೇಟಿಗೆ ಚಾಕು ಹಚ್ಚಲು ಇನ್ನು ನನ್ನಿಂದಾಗುತ್ತಿರಲಿಲ್ಲ. ಇನ್ನೊಂದು ಪ್ರಿಂಟು ತೆಗೆದು, ಅದನ್ನು ಗೋಡೆಗೆ ಪಿನ್ನು ಹಾಕಿ, ಎದುರು ಕ್ಯಾಮೆರಾ ಇಟ್ಟು ಹೊಸ ಪ್ಲೇಟಿಗೆ ತೆಗೆದುಕೊಂಡೆ. ಇದರಲ್ಲಿ ನಯ ಸ್ವಲ್ಪ ಕಡಿಮೆಯಾಗುತ್ತದೆ, ಚರ್ಮ ಹಿಟ್ಟು ಹಿಟ್ಟಾಗಿ ಕಾಣುತ್ತದೆ. ಆ ನಕಲಿನ ಮೇಲೆ ಹುಬ್ಬು ಬಿಡಿಸಿದೆ, ರೆಪ್ಪೆ ಹೆರೆದೆ, ಮಾಸ್ತರರ ಕಣ್ಣು ಇಟ್ಟೆ. ಕಟ್ಟು ಹಾಕಿದ ಫೋಟೋ ಒಯ್ಯಲು ಮಾವ ಬಂದ, ಜೊತೆಗೆ ಅವನ ಮಗ, ಸತ್ತವಳ ಗಂಡ. ಮಾವ ಫೋಟೋವನ್ನು ಬೆಳಕಿಗೆ ಹಿಡಿದು, "ಈಗ ನೋಡ್ರಿ, ಸೊಸಿ ಎಷ್ಟು ಶಾಂತ ಇದ್ಲು ಅನ್ನೂದು ಕಣ್ಣಾಗಽ ತಿಳೀತೈತಿ" ಎಂದ. ಗಂಡ ಒಂದು ಬೆರಳಿನಿಂದ ಗಾಜಿನ ಮೇಲೆ ಎರಡು ಹುಬ್ಬುಗಳ ನಡುವಿನ ಖಾಲಿ ಜಾಗ ಮುಟ್ಟಿದ. ಅವರಿಗೆ ಬೇಕಾದದ್ದು ಅವರಿಗೆ ಸಿಕ್ಕಿತು. ನಾನು ಮತ್ತೆ ಹಿಂದಿನಂತೆ ಬಸ್ಸು ಹತ್ತುತ್ತ, ಇಳಿಯುತ್ತ ಇದ್ದೆ.

ಮುಂಗಾರು ಇನ್ನೇನು ಹಿಡಿಯುತ್ತದೆ ಎನ್ನುವಾಗ ಆ ತಾಯಿ ಮತ್ತೆ ಬಂದಳು. ಈ ಸಲ ಬೆಂಚಿನ ಮೇಲೆ ಕೂತಳು. ಮೈ ಬಹಳ ಇಳಿದಿತ್ತು. ಸೆರಗಿನೊಳಗಿಂದ ಪ್ರಿಂಟು ತೆಗೆದಳು. ಮೂಲೆಗಳು ಮುದುಡಿದ್ದವು, ಹಣೆಯ ಮೇಲೆ ವಿಭೂತಿ ಹಚ್ಚಿ ಹಚ್ಚಿ ಕಾಗದ ಬೆಳ್ಳಗಾಗಿತ್ತು.

"ಚಲೋ ಇಟಗೊಂಡೀರಿ" ಎಂದೆ, ಏನಾದರೂ ಅನ್ನಬೇಕೆಂದು.

"ಗ್ವಾಡಿ ಮಾಡದಾಗ ಇಟ್ಟೇನ್ರಿ. ಹೊಲಕ್ಕ ಹೋಗೂವಾಗ ನೋಡತಾಳ, ಬರೂವಾಗ ನೋಡತಾಳ. ಬಂದೆನವ್ವಾ ಅಂತ ದಿನಾ ಹೇಳತೇನಿ. ಹೇಳಿದ್ರೂ ಮತ್ತ ಹಾದಿ ನೋಡಾಕತ್ತಿರತಾಳ." ಪ್ರಿಂಟನ್ನು ನನ್ನ ಮುಂದೆ ಸರಿಸಿದಳು. "ಇನ್ನ ಸಾಕ್ರಿ ಆಕೀಗೆ. ಕಣ್ಣು ಮುಚ್ಚಿ ಕೊಡ್ರಿ."

ಇಷ್ಟು ವರ್ಷ ಬಂದವರೆಲ್ಲ ತೆರೆಯಿರಿ ಎಂದವರೇ. ಮುಚ್ಚಿ ಎಂದು ಯಾರೂ ಕೇಳಿರಲಿಲ್ಲ. ಮಾಸ್ತರರು ಅದನ್ನು ಕಲಿಸಿಯೂ ಇರಲಿಲ್ಲ. ಯೋಚಿಸಿದರೆ ಅದು ಸುಲಭ: ಪ್ಲೇಟಿನಲ್ಲಿ ಆ ಎರಡು ಸೀಳುಗಳು ತಿಳಿಗಾಜು, ಅವನ್ನು ಪೆನ್ಸಿಲ್ಲಿನಿಂದ ತುಂಬಿದರೆ ಫೋಟೋದಲ್ಲಿ ರೆಪ್ಪೆಯ ಬಣ್ಣಕ್ಕೆ ಬರುತ್ತವೆ. ಚಾಕು ಬೇಡವೇ ಬೇಡ. ಹಳೆಯ ಪ್ಲೇಟನ್ನು ಪೆಟ್ಟಿಗೆಯಿಂದ ತೆಗೆದು, ಎಣ್ಣೆ ಸವರಿ ಮೇಜಿನ ಮೇಲೆ ಇಟ್ಟು, ಪೆನ್ಸಿಲ್ ಹರಿತ ಮಾಡತೊಡಗಿದೆ. ಅವಳು ಎದ್ದು ಬಂದು ನನ್ನ ಹಿಂದೆ ನಿಂತಳು.

"ಇದು ನಾ ಮಾಡೂದಿತ್ತರಿ" ಎಂದಳು. "ಅವತ್ತು ಇದ್ದಿದ್ರ ನನ್ನ ಕೈಲೆ ಮುಚ್ಚತಿದ್ದೆ."

ನಾನು ಕುರ್ಚಿ ಬಿಟ್ಟೆದ್ದು ಅವಳನ್ನು ಕೂರಿಸಿದೆ. ಪೆನ್ಸಿಲ್ ಹಿಡಿದು ರೂಢಿಯಿರಲಿಲ್ಲ. ಕಳೆ ಕೀಳುವ ಕುರ್ಚಿಗೆಯ ಹಾಗೆ ಮುಷ್ಟಿಯಲ್ಲಿ ಹಿಡಿದಳು. ಭೂತಗಾಜನ್ನು ನಾನು ಹಿಡಿದುಕೊಂಡೆ. ಎಲ್ಲಿ ಎಂದು ಬೆರಳಿನಿಂದ ತೋರಿಸಿದೆ. ಕರಿ ಮುಖ, ಬಿಳಿ ಕೂದಲು ಎಂದು ಈ ಸಲ ಅವಳು ಹೆದರಲಿಲ್ಲ. ಎಡಗಣ್ಣಿಗೆ ಚುಕ್ಕೆ ಇಟ್ಟಳು, ಇನ್ನೊಂದು ಇಟ್ಟಳು, ತುಟಿ ಅಲುಗುತ್ತಿತ್ತು, ಮಾತು ಕೇಳಿಸಲಿಲ್ಲ. ಬಲಗಣ್ಣು ಮುಗಿಯುವಾಗ ಅವಳ ಕೈ ಸೋತು ಪೆನ್ಸಿಲ್ ಜಾರಿತು.

"ಆತೇನ್ರಿ?" ಎಂದು ಕೇಳಿದಳು.

ಬಗ್ಗಿ ನೋಡಿದೆ. ಎರಡೂ ಕಣ್ಣು ಮುಚ್ಚಿದ್ದವು. ಬಲಗಡೆಯ ಗೆರೆ ರೆಪ್ಪೆ ದಾಟಿ ಕೆನ್ನೆಯ ಮೇಲೆ ಇಳಿದಿತ್ತು. ಫೋಟೋದಲ್ಲಿ ಅದು ಕಣ್ಣೀರಿನಂತೆ ಬೆಳ್ಳಗೆ ಬರುತ್ತದೆ. ಅರಳೆಯಿಂದ ಒಂದು ಸಲ ಒರೆಸಿದ್ದರೆ ಹೋಗುತ್ತಿತ್ತು.

"ಆತ್ರಿ" ಎಂದೆ, ಹಾಗೆಯೇ ಪ್ರಿಂಟು ತೆಗೆದು ಕೊಟ್ಟೆ.